ಬಸಿಯ ಬೆನ್ನ ಮೇಲಿನ ಬರಹ

(ಬೆಳಗಾವಿಯ ರವಿವಾರ ಪೇಟೆಯಲ್ಲಿ ಸೇರಿದ್ದ ಓದುಗರ ಬಳಗದ ಮುಂದೆ ಆಡಿದ ಮಾತುಗಳ ಬರಹರೂಪ)



ರವಿವಾರ ಪೇಟೆಯಲ್ಲಿ ನಿಂತು ಜಪಾನಿನ ಪಿಂಗಾಣಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಇದು ಅಕ್ಕಿ, ಬೇಳೆ, ಬೆಲ್ಲದ ಪೇಟೆ. ಪೋಟ್ಲಿ ಕಟ್ಟುವವರಿಗೂ ಲೆಕ್ಕ ಬರೆಯುವವರಿಗೂ ಇಲ್ಲಿ ಪುರುಸೊತ್ತಿಲ್ಲ. ಆದರೆ ಈ ಪೇಟೆಯ ಹಿಂದಿನ ಗಲ್ಲಿಗಳಲ್ಲಿ, ಶಹಾಪುರದಲ್ಲಿ, ಕ್ಯಾಂಪಿನಲ್ಲಿ, ಆಚೆ ಖಾನಾಪುರದ ಕಡೆಯ ಹಳೆಯ ಮನೆಗಳಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಇರುತ್ತದೆ. ಅದರ ಮೇಲಿನ ಸಾಲಿನಲ್ಲಿ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವಷ್ಟು ತೆಳ್ಳಗಿನ ಕಪ್ಪು-ಬಸಿ ಇದ್ದರೆ, ಅದರ ಅಂಚಿಗೆ ಚಿನ್ನದ ಗೆರೆ, ಮೈಮೇಲೆ ಹೂವು, ಕೊಕ್ಕರೆ, ದೂರದ ಬೆಟ್ಟ, ಕೆರೆಯಲ್ಲೊಂದು ದೋಣಿ ಇದ್ದರೆ, ಅದು ಜಪಾನಿನದಾಗಿರುವ ಸಂಭವ ಬಹಳ. ಮನೆಯವರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: “ಅಜ್ಜನ ಕಾಲದ್ದು.” ಯಾವ ಅಜ್ಜ, ಯಾವ ಕಾಲ, ಎಲ್ಲಿ ಕೊಂಡದ್ದು ಎಂಬುದು ಅಲ್ಲಿಗೆ ನಿಂತುಹೋಗುತ್ತದೆ.

ನಾನು ಹೇಳಬೇಕಾದ ಮಾತು ಇಷ್ಟೇ. ಈ ವಸ್ತುಗಳಿಗೆ ಎರಡು ಬಗೆಯ ವಿವರಗಳಿವೆ. ಒಂದು ಬಸಿಯ ಬೆನ್ನ ಮೇಲಿದೆ. ಅದನ್ನು ಓದಲು ಕಲಿಯಬಹುದು. ಇನ್ನೊಂದು ಮನೆಯ ಹಿರಿಯರ ತಲೆಯಲ್ಲಿದೆ. ಅದನ್ನು ಈಗಲೇ ಬರೆದಿಟ್ಟುಕೊಳ್ಳದಿದ್ದರೆ ಮತ್ತೆ ಸಿಗುವುದಿಲ್ಲ.

ಚೀನಿಯೂ ಜಪಾನಿಯೂ

ಮೊದಲು ಪಿಂಗಾಣಿ ಎಂದರೇನು ಎಂಬುದನ್ನು ತಿಳಿಯೋಣ. ಖಾನಾಪುರದ ಗಡಿಗೆ ಕೆಂಪು ಮಣ್ಣಿನದು. ಕಡಿಮೆ ಶಾಖದಲ್ಲಿ ಬೇಯುತ್ತದೆ, ನೀರನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ ಅದರ ನೀರು ತಣ್ಣಗಿರುತ್ತದೆ. ಪಿಂಗಾಣಿಗೆ ಬೇಕಾದ್ದು ಕಬ್ಬಿಣದ ಅಂಶವಿಲ್ಲದ ಬಿಳಿಯ ಮಣ್ಣು, ಜೊತೆಗೆ ಕರಗಿ ಬೆಸೆಯುವ ಕಲ್ಲಿನ ಪುಡಿ. ಸುಮಾರು 1,300 ಡಿಗ್ರಿ ಶಾಖದಲ್ಲಿ ಬೆಂದಾಗ ಅದು ಅರ್ಧ ಗಾಜಿನಂತಾಗುತ್ತದೆ. ಹನಿ ನೀರನ್ನೂ ಹೀರುವುದಿಲ್ಲ; ಬೆರಳಿನಿಂದ ತಟ್ಟಿದರೆ ಖಣ್ ಎನ್ನುತ್ತದೆ.

ಈ ವಿದ್ಯೆಯನ್ನು ಜಗತ್ತಿನಲ್ಲಿ ಮೊದಲು ಸಾಧಿಸಿದವರು ಚೀನಿಯರು. ಆದ್ದರಿಂದಲೇ ನಾವು ‘ಚೀನಿ ಮಣ್ಣು’ ಎನ್ನುತ್ತೇವೆ. ಅವರ ಸಾಮಾನು ನಮ್ಮ ನಾಡಿಗೆ ಬಂದು ಶತಮಾನಗಳಾದವು. ಹಂಪಿಯ ಅಗೆತಗಳಲ್ಲಿ ಚೀನಿ ಪಿಂಗಾಣಿಯ ಚೂರುಗಳು ಸಿಕ್ಕಿವೆ. ವಿಜಯಪುರದ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿ ಆದಿಲಶಾಹಿ ಕಾಲದ ರತ್ನಗಂಬಳಿಗಳ ಜೊತೆಗೆ ಚೀನಿ ಪಾತ್ರೆಗಳನ್ನೂ ಇಟ್ಟಿದ್ದಾರೆ. ಅರಸರ ಮನೆಯಲ್ಲಿ ಅದು ಶ್ರೀಮಂತಿಕೆಯ ಗುರುತು. ಜಪಾನು ಈ ವ್ಯಾಪಾರಕ್ಕೆ ಇಳಿದದ್ದು ಬಹಳ ತಡವಾಗಿ. ಇಳಿದ ಬಗೆಯೂ ಸುಖದ ಕಥೆಯಲ್ಲ.

1592ರಿಂದ 1598ರ ವರೆಗೆ ಜಪಾನಿನ ದಂಡು ಕೊರಿಯಾದ ಮೇಲೆ ಏರಿ ಹೋಯಿತು. ಹಿಂದಿರುಗುವಾಗ ಸರದಾರರು ಅಲ್ಲಿಯ ಕುಂಬಾರರನ್ನು ಸೆರೆಹಿಡಿದು ತಂದರು. ಅವರಲ್ಲಿ ಯಿ ಸಾಮ್-ಪ್ಯೊಂಗ್ ಎಂಬಾತ ಕ್ಯುಶು ದ್ವೀಪದ ಅರಿಟಾ ಎಂಬಲ್ಲಿ, 1616ರ ಸುಮಾರಿಗೆ, ಪಿಂಗಾಣಿಗೆ ಬೇಕಾದ ಬಿಳಿ ಕಲ್ಲನ್ನು ಗುರುತಿಸಿದನೆಂದು ಜಪಾನಿಯರೇ ಹೇಳುತ್ತಾರೆ. 1917ರಲ್ಲಿ ಅರಿಟಾದ ಜನ ಅವನ ಹೆಸರಿನಲ್ಲಿ ಸ್ಮಾರಕ ಕಂಬ ನಿಲ್ಲಿಸಿದರು. ಪರದೇಶದ ಸೆರೆಯಾಳು ಒಂದು ಊರಿನ ಕುಲದೈವದಂತಾದ ಉದಾಹರಣೆ ಇದು. ನಮ್ಮ ಕಪಾಟಿನ ಕಪ್ಪಿನ ವಂಶಾವಳಿ ಇಲ್ಲಿಂದ ಶುರುವಾಗುತ್ತದೆ.

1644ರಲ್ಲಿ ಚೀನದಲ್ಲಿ ಮಿಂಗ್ ಅರಸೊತ್ತಿಗೆ ಬಿತ್ತು. ಅಂತಃಕಲಹದಲ್ಲಿ ಅಲ್ಲಿಯ ಭಟ್ಟಿಗಳು ತಣ್ಣಗಾದವು. ಸರಕಿಲ್ಲದೆ ಪರದಾಡಿದ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಅರಿಟಾದ ಕಡೆ ತಿರುಗಿತು. 1659ರಲ್ಲಿ ಅದು ಕೊಟ್ಟ ದೊಡ್ಡ ಬೇಡಿಕೆಯಿಂದ ಜಪಾನಿನ ಪಿಂಗಾಣಿ ಹಡಗು ಹತ್ತಿತು. ಸರಕು ಇಮಾರಿ ಎಂಬ ಬಂದರಿನಿಂದ ಹೊರಡುತ್ತಿದ್ದುದರಿಂದ ಅದಕ್ಕೆ ‘ಇಮಾರಿ’ ಎಂದೇ ಹೆಸರಾಯಿತು. ನೀಲಿ, ಕೆಂಪು, ಚಿನ್ನ, ಈ ಮೂರು ಬಣ್ಣ ಒಟ್ಟಿಗಿರುವ ಹಳೆಯ ತಟ್ಟೆಗಳನ್ನು ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ.

ಈ ಡಚ್ಚರು ನಮಗೆ ಅಪರಿಚಿತರಲ್ಲ. 1637ರಲ್ಲಿ ವಿಜಯಪುರದ ಮಹಮ್ಮದ್ ಆದಿಲಶಾಹನ ಅಪ್ಪಣೆ ಪಡೆದು ವೆಂಗುರ್ಲೆಯಲ್ಲಿ ಕೋಠಿ ಹಾಕಿದವರು ಅವರೇ. ವೆಂಗುರ್ಲೆಯೆಂದರೆ ನಮ್ಮ ಬೆಳಗಾವಿಯಿಂದ ಘಾಟು ಇಳಿದರೆ ಸಿಗುವ ಬಂದರು. ರೈಲು ಬರುವವರೆಗೂ ಈ ಸೀಮೆಯ ಸರಕು ಏರಿ ಇಳಿದದ್ದು ಆ ಹಾದಿಯಲ್ಲೇ. ನಾಗಸಾಕಿಯ ಲೆಕ್ಕವನ್ನೂ ವೆಂಗುರ್ಲೆಯ ಲೆಕ್ಕವನ್ನೂ ಒಂದೇ ಕಂಪನಿ ನೋಡಿಕೊಳ್ಳುತ್ತಿತ್ತು ಎಂಬುದನ್ನು ನೆನಪಿಟ್ಟರೆ ಜಪಾನು ಅಷ್ಟೇನೂ ದೂರವೆನಿಸುವುದಿಲ್ಲ.

ಹತ್ತಿ ಹೋಯಿತು, ಕಪ್ಪು ಬಂತು

ಆದರೆ ನಮ್ಮ ಮನೆಗಳಲ್ಲಿರುವುದು ಬಹುಪಾಲು ಆ ಕಾಲದ್ದಲ್ಲ. ಇನ್ನೂರೈವತ್ತು ವರ್ಷ ಈಚಿನದು. 1868ರ ನಂತರ ಜಪಾನು ತನ್ನ ಬಾಗಿಲನ್ನು ಜಗತ್ತಿಗೆ ಇನ್ನಷ್ಟು ತೆರೆಯಿತು. ಯಂತ್ರ ಕೊಳ್ಳಲು ಹಣ ಬೇಕು, ಹಣಕ್ಕೆ ಮಾರುವ ಸರಕು ಬೇಕು. ಕೈಯಲ್ಲಿದ್ದ ಸರಕು ರೇಷ್ಮೆ, ಚಹ ಮತ್ತು ಪಿಂಗಾಣಿ. 1873ರ ವಿಯೆನ್ನಾ ಪ್ರದರ್ಶನಕ್ಕೆ ಸರಕಾರವೇ ಕುಶಲಕರ್ಮಿಗಳ ಕೆಲಸವನ್ನು ಕಳಿಸಿತು. 1876ರಲ್ಲಿ ಮೊರಿಮುರಾ ಸಹೋದರರು ವ್ಯಾಪಾರ ಶುರುಮಾಡಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದರು. ಬಿಳಿ ಪಾತ್ರೆ ಕೊಂಡು, ಬಣ್ಣಗಾರರಿಂದ ಚಿತ್ರ ಬರೆಸಿ, ಹಡಗಿಗೆ ಹಾಕುವುದು ಅವರ ಪದ್ಧತಿ. 1904ರಲ್ಲಿ ಅವರೇ ನಗೋಯಾ ಪಕ್ಕದ ನೊರಿಟಾಕೆ ಎಂಬ ಹಳ್ಳಿಯಲ್ಲಿ ಕಾರ್ಖಾನೆ ಕಟ್ಟಿದರು. ಹಳ್ಳಿಯ ಹೆಸರೇ ಮುಂದೆ ಸರಕಿನ ಹೆಸರಾಯಿತು. ಆದರೂ ಪಾಶ್ಚಾತ್ಯರ ಊಟಕ್ಕೆ ಬೇಕಾದ ಪೂರ್ತಿ ಸೆಟ್ಟು ತಯಾರಿಸಲು ಅವರಿಗೆ ಇನ್ನೂ ಹತ್ತು ವರ್ಷ ಹಿಡಿಯಿತು. ಮೊದಲ ಸೆಟ್ಟು ಹೊರಬಿದ್ದದ್ದು 1914ರಲ್ಲಿ.

ಇಲ್ಲಿಗೆ ಬಂದ ಹಾದಿ ಯಾವುದು? ಹತ್ತಿಯ ಹಾದಿ. ಜಪಾನಿನ ಗಿರಣಿಗಳಿಗೆ ಭಾರತದ ಹತ್ತಿ ಬೇಕಿತ್ತು. 1893ರಲ್ಲಿ ನಿಪ್ಪಾನ್ ಯೂಸೆನ್ ಕೈಶಾ ಎಂಬ ಹಡಗು ಕಂಪನಿ, ಜಮ್ಶೆಟ್‌ಜಿ ಟಾಟಾ ಅವರ ಬೆಂಬಲದಿಂದ, ಕೋಬೆ ಮತ್ತು ಮುಂಬಯಿ ನಡುವೆ ಹಡಗು ಓಡಿಸತೊಡಗಿತು. ಮುಂಬಯಿ ಪೇಟೆಗೆ ಹತ್ತಿ ಕಳಿಸುವ ಸೀಮೆಗಳಲ್ಲಿ ನಮ್ಮ ಧಾರವಾಡದ ಸೀಮೆಯೂ ಒಂದು. ಹತ್ತಿ ಹೇರಿಕೊಂಡು ಹೋದ ಹಡಗು ಬರಿಗೈಯಲ್ಲಿ ಹಿಂದಿರುಗುವುದುಂಟೇ? ಬೆಂಕಿಪೆಟ್ಟಿಗೆ, ಛತ್ರಿ, ಗಾಜಿನ ಮಣಿ, ಆಟಿಕೆ, ಬಟ್ಟೆ, ಅವುಗಳ ಜೊತೆ ಕಪ್ಪು-ಬಸಿ ಬಂದವು. ಅಷ್ಟು ಹೊತ್ತಿಗೆ ಬೆಳಗಾವಿಗೆ ರೈಲು ಬಂದಿತ್ತು. ಖಾನಾಪುರ ತಾಲ್ಲೂಕಿನ ಲೋಂಡಾದಿಂದ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾ ಬಂದರಿಗೂ ಹಳಿ ಬಿದ್ದಿತ್ತು. 1914ರ ಮಹಾಯುದ್ಧದಲ್ಲಿ ಜರ್ಮನಿಯ ಸಾಮಾನು ನಿಂತಿತು, ಇಂಗ್ಲೆಂಡಿನದು ಕಡಿಮೆಯಾಯಿತು. ಆ ಖಾಲಿ ಜಾಗವನ್ನು ಜಪಾನು ತುಂಬಿತು. ಅಗ್ಗದ ‘ಜಪಾನಿ ಮಾಲು’ ಎಂಬ ಮಾತು ಹುಟ್ಟಿದ್ದು ಆ ದಶಕಗಳಲ್ಲೇ.

ಅಗ್ಗ ಎಂದು ಎಲ್ಲರೂ ಮೂಗು ಮುರಿಯಲಿಲ್ಲ. ಮುಂಬಯಿ ಸರಕಾರದ ಎಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನಿಗೆ ಹೋಗಿ ಅಲ್ಲಿಯ ಶಿಕ್ಷಣವನ್ನೂ ಕೈಗಾರಿಕೆಗಳನ್ನೂ ನೋಡಿಬಂದರು. ಕಪ್ಪಿನ ಹಿಂದೆ ಇರುವ ಶಾಲೆ, ಕಾರ್ಖಾನೆ, ಶಿಸ್ತು ಅವರ ಕಣ್ಣಿಗೆ ಬಿದ್ದಿತ್ತು.

ಮಗುಚಿ ನೋಡುವುದು ಹೇಗೆ

ಈಗ ಕಪಾಟಿನ ಮುಂದೆ ನಿಲ್ಲೋಣ. ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಮಗುಚಿ ನೋಡಿ.

ಇಂಗ್ಲಿಷ್ ಅಕ್ಷರಗಳಲ್ಲಿ ‘ನಿಪ್ಪಾನ್’ ಎಂದಿದ್ದರೆ ಅದು ಹೆಚ್ಚಾಗಿ 1891 ಮತ್ತು 1921ರ ನಡುವಿನದು. ಅಮೆರಿಕವು 1890ರಲ್ಲಿ ಒಂದು ಸುಂಕದ ಕಾಯಿದೆ ಮಾಡಿ, ಪರದೇಶದ ಸರಕಿನ ಮೇಲೆಲ್ಲ ತಯಾರಾದ ದೇಶದ ಹೆಸರಿರಬೇಕೆಂದು ವಿಧಿಸಿತು. ಜಪಾನಿಯರು ತಮ್ಮ ಭಾಷೆಯ ಹೆಸರನ್ನೇ ಬರೆದರು. 1921ರಲ್ಲಿ ಅಮೆರಿಕದ ಅಧಿಕಾರಿಗಳು ‘ನಿಪ್ಪಾನ್’ ನಡೆಯದು, ‘ಜಪಾನ್’ ಎಂದೇ ಬರೆಯಬೇಕೆಂದರು. ಹಾಗಾಗಿ ‘ಜಪಾನ್’, ‘ಮೇಡ್ ಇನ್ ಜಪಾನ್’ ಮುದ್ರೆಗಳು ಬಹುಮಟ್ಟಿಗೆ ಆಮೇಲಿನವು. ‘ಆಕ್ಯುಪೈಡ್ ಜಪಾನ್’, ಅಂದರೆ ಪರರ ವಶದಲ್ಲಿರುವ ಜಪಾನ್ ಎಂದಿದ್ದರೆ ಅದು ಎರಡನೆಯ ಮಹಾಯುದ್ಧದಲ್ಲಿ ಸೋತ ದೇಶ ಅಮೆರಿಕದ ಆಡಳಿತದಲ್ಲಿದ್ದಾಗಿನ ಮುದ್ರೆ. 1947ರಿಂದ 1952ರ ವರೆಗಿನದು. ಸೋಲಿನ ಮುದ್ರೆಯನ್ನು ತನ್ನ ಕೈಯಾರೆ ತನ್ನ ಸರಕಿನ ಮೇಲೆ ಒತ್ತಬೇಕಾದ ಕೆಲಸಗಾರನನ್ನು ಒಂದು ಗಳಿಗೆ ನೆನೆಯಿರಿ.

ಇಲ್ಲಿ ಎರಡು ಎಚ್ಚರಿಕೆ. ಇವು ಅಮೆರಿಕಕ್ಕೆ ಹೋಗುವ ಸರಕಿನ ನಿಯಮಗಳು. ಬೇರೆ ಕಡೆ ಹೋದ ಸರಕಿಗೆ ಮುದ್ರೆಯೇ ಇಲ್ಲದಿರಬಹುದು. ಮುದ್ರೆಯಿಲ್ಲ ಎಂದ ಮಾತ್ರಕ್ಕೆ ಅದು ಬಹಳ ಹಳೆಯದೂ ಅಲ್ಲ, ಹೊಸದೂ ಅಲ್ಲ. ಎರಡನೆಯದಾಗಿ, ಮುದ್ರೆಯನ್ನೇ ನಂಬಬಾರದು. ಅರಿಟಾದವರು ತಮ್ಮ ಪಾತ್ರೆಗಳ ಮೇಲೆ ಚೀನದ ಮಿಂಗ್ ದೊರೆಗಳ ಹೆಸರು ಬರೆಯುತ್ತಿದ್ದರು. ಅದು ಮೋಸಕ್ಕಿಂತ ಹೆಚ್ಚಾಗಿ ಹಳೆಯ ಮಾದರಿಗೆ ತೋರಿದ ಗೌರವ. ಈಚಿನ ವ್ಯಾಪಾರಿಗಳು ಮಾತ್ರ ‘ನಿಪ್ಪಾನ್’ ಮುದ್ರೆಯನ್ನು ಹೊಸ ಸಾಮಾನಿಗೆ ಒತ್ತಿ ನಿಜವಾಗಿಯೂ ಮೋಸ ಮಾಡಿದ್ದಾರೆ. ‘ರಾಯಲ್ ಸತ್ಸುಮಾ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಅದನ್ನು ಪುರಾತನವೆಂದು ಕೊಳ್ಳಬೇಡಿ. ಅಸಲು ಸತ್ಸುಮಾ ಪಿಂಗಾಣಿಯೂ ಅಲ್ಲ. ನಸು ಹಳದಿ ಮೈಮೇಲೆ ಜೇಡರ ಬಲೆಯಂತೆ ಸಣ್ಣ ಬಿರುಕಿನ ಮೆರುಗಿರುವ ಮಣ್ಣಿನ ಪಾತ್ರೆ ಅದು. ತುಂಬ ಹಳೆಯ ಅರಿಟಾ ತಟ್ಟೆಯ ಬೆನ್ನಿನಲ್ಲಿ ಮುದ್ರೆಯ ಬದಲು ಮೂರೋ ಐದೋ ಸಣ್ಣ ಚುಕ್ಕೆ ಗಾಯಗಳಿರುತ್ತವೆ. ಭಟ್ಟಿಯಲ್ಲಿ ತಟ್ಟೆ ಕುಸಿಯದಂತೆ ಆನಿಸಿದ ಮಣ್ಣಿನ ಮೊಳೆಗಳ ಗುರುತು ಅದು. ತಿಳಿಯದವರು ಅದನ್ನು ಕುಂದು ಎನ್ನುತ್ತಾರೆ. ತಿಳಿದವರು ಅದನ್ನೇ ಮೊದಲು ಹುಡುಕುತ್ತಾರೆ.

ಕೈಯಿಂದ ಬರೆದದ್ದೋ ಅಚ್ಚಿನದೋ ಎಂಬುದು ಮುಂದಿನ ಪ್ರಶ್ನೆ. ಗಡಿಯಾರ ರಿಪೇರಿಯವರ ಹತ್ತಿರ ಇರುವಂಥ ಭೂತಗನ್ನಡಿ ಸಾಕು. ಅಚ್ಚಿನ ಚಿತ್ರವಾದರೆ ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಆರು ಕಪ್ಪಿನ ಮೇಲೂ ಹೂವು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುತ್ತದೆ. ಕೈಬರಹವಾದರೆ ಕುಂಚ ಇಳಿದ ಕಡೆ ಬಣ್ಣ ದಟ್ಟ, ಎತ್ತಿದ ಕಡೆ ತೆಳು. ಬೆರಳಾಡಿಸಿದರೆ ಬಣ್ಣ ತುಸು ಉಬ್ಬಿರುವುದು ತಿಳಿಯುತ್ತದೆ. ಒಂದು ಕಪ್ಪಿನಲ್ಲಿ ಐದು ಎಸಳು ಅಗಲವಾಗಿದ್ದರೆ ಇನ್ನೊಂದರಲ್ಲಿ ನಾಲ್ಕನೆಯದು ಕಿರಿದಾಗಿರುತ್ತದೆ. ಕೆಲವು ಕಪ್ಪುಗಳಲ್ಲಿ ಹಪ್ಪಳದ ಹಿಟ್ಟು ಒತ್ತಿದಂತೆ ಮಣ್ಣಿನ ತಿಳಿಯನ್ನು ಎಳೆಯೆಳೆಯಾಗಿ ಬಿಟ್ಟು ಉಬ್ಬು ಡ್ರಾಗನ್ ಮಾಡಿರುತ್ತಾರೆ. ಇನ್ನು ಕೆಲವು ಕಪ್ಪಿನ ತಳವನ್ನು ದೀಪಕ್ಕೆ ಹಿಡಿದರೆ ಒಳಗಿಂದ ಹೆಣ್ಣಿನ ಮುಖವೊಂದು ಮೂಡುತ್ತದೆ. ಅದು ಬಣ್ಣವಲ್ಲ, ಮಣ್ಣಿನ ದಪ್ಪ-ತೆಳುವಿನಲ್ಲಿ ಒತ್ತಿದ ಚಿತ್ರ. ಮಕ್ಕಳಿಗೆ ಇದನ್ನು ತೋರಿಸಿ. ಕಪ್ಪನ್ನು ಜೋಪಾನ ಮಾಡಿ ಎಂದು ಮತ್ತೆ ಹೇಳಬೇಕಾಗುವುದಿಲ್ಲ.

ಒಂದು ಕಪ್ಪು ಎಷ್ಟು ಸಲ ಬೆಂಕಿಗೆ ಹೋಗುತ್ತಿತ್ತು ಬಲ್ಲಿರಾ? ಹಸಿ ಗಡಸಾಗಲು ಒಮ್ಮೆ, ಮೆರುಗು ಹಿಡಿದು ಬೆಸೆಯಲು ಹೆಚ್ಚಿನ ಶಾಖದಲ್ಲಿ ಇನ್ನೊಮ್ಮೆ, ಮೇಲಿನ ಬಣ್ಣ ಕೂರಲು ಸುಮಾರು 800 ಡಿಗ್ರಿಯಲ್ಲಿ ಮತ್ತೊಮ್ಮೆ. ಚಿನ್ನಕ್ಕಾಗಿ ಕೆಲವೊಮ್ಮೆ ಮಗದೊಮ್ಮೆ. ನೀಲಿ ಬಣ್ಣ ಮೆರುಗಿನ ಕೆಳಗಿರುತ್ತದೆ, ಅದು ಅಳಿಸದು. ಕೆಂಪು, ಹಸಿರು, ಚಿನ್ನ ಮೆರುಗಿನ ಮೇಲಿರುತ್ತವೆ, ಅವು ಸವೆಯುತ್ತವೆ. ಆದ್ದರಿಂದ ಬೂದಿ, ಹುಣಸೆಹಣ್ಣು, ತಂತಿಯ ಜುಂಗು ಯಾವುದನ್ನೂ ಹಾಕಿ ಉಜ್ಜಬೇಡಿ. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಹಳೆಯ ಮೇಲ್ಬಣ್ಣಗಳಲ್ಲಿ ಸೀಸದ ಅಂಶ ಇರುವುದುಂಟು; ಆದಕಾರಣ ಲಿಂಬೆ, ಉಪ್ಪಿನಕಾಯಿ, ಮೊಸರಿನಂಥ ಹುಳಿ ಪದಾರ್ಥವನ್ನು ಅವುಗಳಲ್ಲಿ ಇಡುವುದು ಬೇಡ. ಕಪ್ಪನ್ನು ಬೆರಳಿನಿಂದ ತಟ್ಟಿ. ಖಣ್ ಎಂದರೆ ಗಟ್ಟಿ. ಠಪ್ ಎಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ನಮ್ಮ ಮಳೆಗಾಲದಲ್ಲಿ ಪೇಪರಿನಲ್ಲಿ ಸುತ್ತಿಟ್ಟರೆ ಶಾಯಿಯೂ ಬೂಷ್ಟೂ ಹಿಡಿಯುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ.

ಬೆಲೆಯೂ ಕಾಯಿದೆಯೂ

“ಇದಕ್ಕೆ ಎಷ್ಟು ಬಂದೀತು?” ಎಂದು ನೀವು ಕೇಳಿಯೇ ಕೇಳುತ್ತೀರಿ. ಪೇಟೆಯವರ ಮುಂದೆ ಮರೆಮಾಚುವುದೇಕೆ? ಈ ಸಾಮಾನು ಲಕ್ಷಗಟ್ಟಲೆ ತಯಾರಾದದ್ದು. ಸಾಧಾರಣ ಚಹದ ಸೆಟ್ಟು ಯಾರನ್ನೂ ಸಾಹುಕಾರನನ್ನಾಗಿ ಮಾಡುವುದಿಲ್ಲ. ಬೆಲೆ ಬರುವುದು ಕುಂಚದ ಕೈಚಳಕಕ್ಕೆ, ಅಪರೂಪಕ್ಕೆ, ಸೆಟ್ಟು ಪೂರ್ತಿಯಾಗಿರುವುದಕ್ಕೆ, ಬಿರುಕಿಲ್ಲದಿರುವುದಕ್ಕೆ. ಒಳ್ಳೆಯದನ್ನು ಕಂಡು ಕಣ್ಣು ಪಳಗಬೇಕಾದರೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿಯ ಜಪಾನಿ ಸಂಗ್ರಹ ನೋಡಿ. ಒಬ್ಬನೇ ಮನುಷ್ಯನ ಕೊಳ್ಳುವ ಹುಚ್ಚು ಹೇಗೆ ಸಾರ್ವಜನಿಕರ ಆಸ್ತಿಯಾಯಿತು ಎಂಬುದೂ ಅಲ್ಲಿ ತಿಳಿಯುತ್ತದೆ.

ಕಾಯಿದೆಯನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತಿನ ಕಾಯಿದೆಯ ಪ್ರಕಾರ, ನೂರು ವರ್ಷ ದಾಟಿದ ಕಲಾಕೌಶಲದ ವಸ್ತು ಪುರಾತನ ವಸ್ತುವೆನಿಸಬಹುದು. ಅಂಥವುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಪರದೇಶಕ್ಕೆ ಕಳಿಸುವಂತಿಲ್ಲ. ‘ನಿಪ್ಪಾನ್’ ಮುದ್ರೆಯ ಕಾಲ ಮುಗಿದದ್ದು 1921ರಲ್ಲಿ ಎಂಬುದನ್ನು ನೆನೆದರೆ, ಅಜ್ಜನ ಆ ಕಪ್ಪು ಈಗ ನೂರರ ಗೆರೆ ದಾಟಿದೆ. ಪರದೇಶದಲ್ಲಿರುವ ಮಗನಿಗೆ ಪಾರ್ಸೆಲ್ ಮಾಡುವ ಮುಂಚೆ ಪುರಾತತ್ತ್ವ ಇಲಾಖೆಯವರನ್ನು ಒಮ್ಮೆ ವಿಚಾರಿಸಿ.

ಕಿರ್ದಿ ಇಲ್ಲದ ಸರಕು

ನಷ್ಟ ಆಗುತ್ತಿರುವುದು ಕಳ್ಳರಿಂದಲ್ಲ. ನಮ್ಮ ಹಳೆಯ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಆ ಜಾಗದಲ್ಲಿ ಅಂಗಡಿಸಾಲು, ಮಹಡಿ ಕಟ್ಟಡ ಏಳುತ್ತಿವೆ. ಪಾಲಾಗುವಾಗ ಆರು ಕಪ್ಪನ್ನು ಮೂವರು ಅಣ್ಣತಮ್ಮಂದಿರು ಎರಡೆರಡು ಹಂಚಿಕೊಳ್ಳುತ್ತಾರೆ. ಕಿಟ್ಲಿ ಒಬ್ಬರಿಗೆ, ಸಕ್ಕರೆ ಬಟ್ಟಲು ತಂಗಿಗೆ. ನ್ಯಾಯ ಸರಿಯಾಯಿತು, ಸೆಟ್ಟು ಸತ್ತಿತು. ಇನ್ನು ಕೆಲವರು ಇಡೀ ಸಂದೂಕವನ್ನೇ ಗುಜರಿಯವನಿಗೆ ತೂಗಿ ಕೊಡುತ್ತಾರೆ. ಅದರ ಜೊತೆಗೇ ಹೋಗುವುದು ಮೋಡಿ ಅಕ್ಷರದ ಹಳೆಯ ಲೆಕ್ಕದ ಪುಸ್ತಕ. ಓದಲು ಬರುವುದಿಲ್ಲ, ಇಟ್ಟು ಏನು ಮಾಡುವುದು ಎಂಬ ಮಾತು. ಆ ಕಪ್ಪು ಯಾವ ವರ್ಷ, ಎಷ್ಟು ರೂಪಾಯಿಗೆ, ಯಾರ ಮದುವೆಗೆಂದು ಬಂತು ಎಂಬ ಒಂದು ಸಾಲು ಅದರಲ್ಲೇ ಇದ್ದಿರಬಹುದು.

ಈ ಪೇಟೆಯ ಹಿರಿಯರು ಕಿರ್ದಿ ಬರೆಯದೆ ಸರಕು ಒಳಗಿಟ್ಟವರಲ್ಲ. ಅದೇ ಶಿಸ್ತನ್ನು ಕಪಾಟಿಗೂ ತನ್ನಿರಿ. ಒಂದು ನೂರು ಪುಟದ ವಹಿ ಸಾಕು. ಒಂದೊಂದು ವಸ್ತುವಿಗೆ ಒಂದೊಂದು ಖಾತೆ ತೆರೆಯಿರಿ. ಮೇಲಿನಿಂದಲೂ ಬೆನ್ನಿನಿಂದಲೂ ಫೋಟೋ ತೆಗೆದು ಅಂಟಿಸಿ. ಎತ್ತರ, ಅಗಲ, ಮುದ್ರೆ, ಎಲ್ಲಿ ಮುಕ್ಕಾಗಿದೆ ಬರೆಯಿರಿ. ಆಮೇಲೆ ಮನೆಯ ಹಿರಿಯ ಹೆಂಗಸರ ಹತ್ತಿರ ಕುಳಿತು ಕೇಳಿ. ಗಂಡಸರಿಗೆ ಕೊಂಡ ಬೆಲೆ ನೆನಪಿದ್ದರೆ ಹೆಚ್ಚು. ಒಡೆದ ಏಳನೆಯ ಕಪ್ಪು ಯಾರ ಕೈಯಿಂದ ಬಿತ್ತು, ಯಾವ ಬೀಗರು ಬಂದಾಗ ತೆಗೆದರು, ದಂಡಿನ ದೊರೆಗಳು ಊರು ಬಿಡುವಾಗ ಮಾರಿದ್ದೋ ಮುಂಬಯಿಯಿಂದ ತಂದದ್ದೋ ಎಂಬುದು ಅತ್ತೆ, ಅಜ್ಜಿಯಂದಿರಿಗೇ ಗೊತ್ತು. ಪಾಲು ಮಾಡಲೇಬೇಕಾದರೆ ಮಾಡಿ, ಆದರೆ ಅದಕ್ಕೂ ಮುಂಚೆ ಸೆಟ್ಟನ್ನು ಒಟ್ಟಿಗಿಟ್ಟು ಒಂದು ಚಿತ್ರ ತೆಗೆದು, ಪಾಲುದಾರರಿಗೆಲ್ಲ ಆ ಪುಟದ ನಕಲು ಕೊಡಿ. ವಿವರ ಇಲ್ಲದ ಕಪ್ಪು ಅಂಗಡಿಯ ಸರಕು. ವಿವರ ಇದ್ದರೆ ಅದೇ ಕಪ್ಪು ಒಂದು ಮನೆತನದ ಚರಿತ್ರೆ. ಅಂಥ ನೂರು ಮನೆಗಳ ವಹಿ ಸೇರಿದರೆ ಬೆಳಗಾವಿಯ ವ್ಯಾಪಾರದ ಚರಿತ್ರೆ.

ಕೊನೆಗೊಂದು ಮಾತು. ಆ ಕೊಕ್ಕರೆ ಬರೆದವರ ಹೆಸರು ನಮಗೆ ತಿಳಿಯದು. ನಗೋಯಾದ ಸಾಲು ಬೆಂಚುಗಳ ಮೇಲೆ ಕುಳಿತು ದಿನಗೂಲಿಗೆ ಹೂವು ಬರೆದ ಗಂಡಸರು, ಹೆಂಗಸರು ಬಹುಪಾಲು ಸಹಿ ಹಾಕಲಿಲ್ಲ. ಆದರೆ ಜಪಾನಿನಲ್ಲಿ ಇಂಥವರ ಬೆಲೆ ತಿಳಿದವರೂ ಇದ್ದರು. ಹೆಸರಿಲ್ಲದ ಕುಂಬಾರ, ನೇಕಾರ, ಬುಟ್ಟಿ ಹೆಣೆಯುವವನ ಕೆಲಸದಲ್ಲೂ ಸೌಂದರ್ಯವಿದೆಯೆಂದು ಸಾರಿದ ಯನಾಗಿ ಸೊಯೆಟ್ಸು 1936ರಲ್ಲಿ ಟೋಕಿಯೋದಲ್ಲಿ ದಿನಬಳಕೆಯ ವಸ್ತುಗಳಿಗಾಗಿಯೇ ಒಂದು ಸಂಗ್ರಹಾಲಯ ತೆರೆದರು.

ನಮ್ಮ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ. ಅಲ್ಲಿಯ ಮಣ್ಣಿನ ಕೆಲಸಕ್ಕೆ ಸುತ್ತಲಿನ ಊರುಗಳಲ್ಲಿ ಹೆಸರಿದೆ. ಹಾಗಿದ್ದೂ ಜಪಾನಿನ ಬಟ್ಟಲಿಗೆ ಗಾಜಿನ ಕಪಾಟು, ಖಾನಾಪುರದ ಗಡಿಗೆಗೆ ಹಿತ್ತಲು. ಇಂದಿನ ಗಡಿಗೆಯೂ ನೂರು ವರ್ಷಕ್ಕೆ ಪುರಾತನವಾಗುತ್ತದೆ, ಅದು ಉಳಿದರೆ! ಆದ್ದರಿಂದ ನಿಮ್ಮ ವಹಿಯ ಕೊನೆಯ ಕೆಲವು ಪುಟಗಳನ್ನು ಖಾಲಿ ಬಿಡಿ. ಮುಂದಿನ ಸಲ ಖಾನಾಪುರದಿಂದ ಹೂಜಿಯನ್ನೋ ದೀಪವನ್ನೋ ತಂದಾಗ, ಮಾಡಿದವರ ಹೆಸರು ಕೇಳಿ, ಊರು ಮತ್ತು ತಾರೀಖಿನ ಸಮೇತ ಆ ಪುಟದಲ್ಲಿ ಬರೆಯಿರಿ. ಅರಿಟಾದವರು ತಮ್ಮ ಕುಂಬಾರನಿಗೆ ಕಂಬ ನಿಲ್ಲಿಸಲು ಮುನ್ನೂರು ವರ್ಷ ತೆಗೆದುಕೊಂಡರು. ನಮಗೆ ಒಂದು ಸಾಲು ಬರೆಯಲು ಅಷ್ಟು ಹೊತ್ತು ಬೇಕಾಗಿಲ್ಲ.